ಏನಾಯಿತು ಈ ಚರ್ಮಕ್ಕೆ?

ಚರ್ಮ ಒಡೆದಂತೆ ಕಾಣಿಸುವ ಮೇಕಪ್ ಮಾಡಲು ಕೂತವರು ಮೊದಲು ಕೈಗೆತ್ತಿಕೊಳ್ಳುವುದು ಕಪ್ಪು ಪೆನ್ಸಿಲ್. ಕೆನ್ನೆಯ ಮೇಲೊಂದು ಅಂಕುಡೊಂಕು ಗೆರೆ, ಅದಕ್ಕೆರಡು ಕವಲು, ಕವಲಿಗೆ ಮತ್ತೊಂದು ಕವಲು, ಗೆರೆಯ ಪಕ್ಕದಲ್ಲಿ ಒಂದಿಷ್ಟು ಬಿಳಿ. ಫೋಟೊದಲ್ಲಿ ಚೆನ್ನಾಗಿಯೇ ಬರುತ್ತದೆ. ಪಿಂಗಾಣಿ ಗೊಂಬೆಯ ವೇಷಕ್ಕಾದರೆ ಅಷ್ಟೇ ಸಾಕು, ಅಲ್ಲಿ ಒಡೆದಿರುವುದು ಚರ್ಮವಲ್ಲ, ಪಿಂಗಾಣಿ. ಚರ್ಮವೇ ಒಡೆದಿದೆ ಎಂದು ನಂಬಿಸಬೇಕಾದರೆ ಮಾತ್ರ ಆ ಮುಖ ಒಮ್ಮೆ ನಕ್ಕರೆ ಸಾಕು, ಗುಟ್ಟು ರಟ್ಟು. ಬರೆದ ಗೆರೆ ಚರ್ಮದ ಜೊತೆಗೇ ಹಿಗ್ಗುತ್ತದೆ, ಚರ್ಮದ ಜೊತೆಗೇ ಸುಕ್ಕಾಗುತ್ತದೆ. ಬಿರುಕು ಹಾಗಲ್ಲ, ಎಳೆದಾಗ ಬಾಯಿ ಬಿಡುತ್ತದೆ.

ಈ ಮೇಕಪ್ಪು ನನ್ನ ಹೊಟ್ಟೆಪಾಡಲ್ಲ, ಬಿಡುವಿನ ಹುಚ್ಚು. ಸುಟ್ಟಗಾಯ, ಹೊಲಿಗೆ ಹಾಕಿದ ಗಾಯ, ಕೊಳೆತ ಮೈ ಎಲ್ಲವನ್ನೂ ಅಷ್ಟಿಷ್ಟು ಮಾಡಿ ನೋಡಿದ್ದೇನೆ. ಅವುಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಒಣಗಿ ಒಡೆದ ಚರ್ಮ. ರಕ್ತ ಸುರಿಯುವ ಗಾಯಕ್ಕೆ ನೋಡುವವರ ಕಣ್ಣು ರಿಯಾಯಿತಿ ಕೊಡುತ್ತದೆ. ಕೆಂಪು ಕಂಡೊಡನೆ ಮುಖ ತಿರುಗಿಸುತ್ತಾರೆ, ಅಂಚು ಸರಿಯಾಗಿ ಕೂತಿದೆಯೇ ಇಲ್ಲವೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಒಣ ಚರ್ಮಕ್ಕೆ ಆ ರಿಯಾಯಿತಿ ಸಿಗದು. ತುಟಿ ಒಡೆಯದವರು ಯಾರಿದ್ದಾರೆ? ಎಲ್ಲರಿಗೂ ಮೈಯಲ್ಲೇ ಗೊತ್ತಿರುವ ಸಂಗತಿ ಅದು. ಎಲ್ಲಿ ಸುಳ್ಳಿದೆ ಎಂದು ಬಾಯಿಬಿಟ್ಟು ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎಂದು ತಕ್ಷಣ ತಿಳಿದುಬಿಡುತ್ತದೆ.

ಹಾಗಾಗಿ ಬ್ರಷ್ ಹಿಡಿಯುವ ಮೊದಲು ನೋಡುವುದೇ ದೊಡ್ಡ ಕೆಲಸ. ತುಟಿ ಮೇಲಿಂದ ಕೆಳಕ್ಕೆ ಸೀಳುತ್ತದೆ, ಏಕೆಂದರೆ ತುಟಿಯ ಸಹಜ ಗೆರೆಗಳಿರುವುದೇ ಹಾಗೆ. ಬೆರಳಿನ ಗೆಣ್ಣು ಅಡ್ಡಕ್ಕೆ ಒಡೆಯುತ್ತದೆ, ಮಡಿಸುವ ಗೆರೆಯ ಗುಂಟವೇ. ಬಾಯಿಯ ಮೂಲೆಯಲ್ಲಿ ಸೀಳು ಹೊರಮುಖವಾಗಿ ಕೆನ್ನೆಯ ಕಡೆಗೆ ಚಾಚುತ್ತದೆ. ಮೊಣಕಾಲ ಕೆಳಗಿನ ಮುಂಭಾಗದಲ್ಲಿ ತೀರಾ ಒಣಗಿದ ಚರ್ಮ ಸಣ್ಣ ಸಣ್ಣ ತುಂಡುಗಳ ಬಲೆಯಾಗುತ್ತದೆ. ಅದು ಅಲ್ಲಿಗೇ ನಿಲ್ಲದೆ ಉರಿಯೂತವಾಗಿ ಬೆಳೆದರೆ ಚರ್ಮವೈದ್ಯರು ಅದನ್ನು 'ಎಕ್ಸಿಮಾ ಕ್ರಾಕಲೇ' ಎನ್ನುತ್ತಾರೆ. ಹಿಮ್ಮಡಿಯದೇ ಬೇರೆ ಲೆಕ್ಕ. ಅಲ್ಲಿ ಚರ್ಮದ ಎಣ್ಣೆ ಗ್ರಂಥಿಗಳೇ ಇಲ್ಲ, ಹೊರಪದರ ದಪ್ಪ ಮತ್ತು ಬಿರುಸು. ಹೆಜ್ಜೆ ಊರಿದಾಗಲೆಲ್ಲ ಮೈಭಾರಕ್ಕೆ ಹಿಮ್ಮಡಿಯ ಮೆತ್ತೆ ಪಕ್ಕಕ್ಕೆ ಹರಡುತ್ತದೆ, ಬಗ್ಗಲಾರದ ಅಂಚು ಸೀಳುತ್ತದೆ. ಅಲ್ಲಿನ ಒಡಕುಗಳು ಅಂಚಿನ ಸುತ್ತ ಸಾಲಾಗಿ, ನೆಟ್ಟಗೆ ನಿಂತಿರುವುದಕ್ಕೆ ಕಾರಣ ಇದೇ.

ಒಡೆಯುವ ಈ ಹೊರಪದರ ಎಷ್ಟು ತೆಳು ಎಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಅಂಗೈ ಅಂಗಾಲು ಬಿಟ್ಟರೆ ಮೈಯ ಹೆಚ್ಚಿನ ಕಡೆ ಅದು 10ರಿಂದ 20 ಮೈಕ್ರಾನ್, ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಸತ್ತ ಜೀವಕೋಶಗಳು ಹತ್ತಿಪ್ಪತ್ತು ಪದರಗಳಲ್ಲಿ ಒಂದರ ಮೇಲೊಂದು ಕೂತ ಹಾಳೆ. ಅದರಲ್ಲಿನ ನೀರಿನ ಅಂಶ ಸುಮಾರು 10 ಶೇಕಡಾಕ್ಕಿಂತ ಕೆಳಗಿಳಿದರೆ ಹಾಳೆ ಬಾಗುವುದನ್ನು ಬಿಟ್ಟು ಮುರಿಯಲು ತೊಡಗುತ್ತದೆ. ನಾವು ಲೇಟೆಕ್ಸು, ಮಣ್ಣು, ಟಿಶ್ಯೂ ಹಚ್ಚಿ ಕಟ್ಟುವ ಪದರ ಇದರ ಎಷ್ಟೋ ಪಟ್ಟು ದಪ್ಪ. ಒಂದು ಅರ್ಥದಲ್ಲಿ ಸ್ಪೆಷಲ್ ಎಫೆಕ್ಟ್ಸ್ ಮೇಕಪ್ ಮಾಡುವುದೆಲ್ಲ ಉತ್ಪ್ರೇಕ್ಷೆಯೇ.

ಚರ್ಮಕ್ಕೆ ಎಳೆತದ ದಿಕ್ಕಿದೆ ಎಂಬುದು ಹಳೆಯ ವಿಷಯ. ಕಾರ್ಲ್ ಲ್ಯಾಂಗರ್ ಎಂಬ ಅಂಗರಚನಾ ತಜ್ಞ 1861ರಲ್ಲಿ ಇದರ ನಕ್ಷೆಯನ್ನೇ ಕೊಟ್ಟ. ಶವಗಳ ಚರ್ಮಕ್ಕೆ ದುಂಡು ಮೊನೆಯ ಉಪಕರಣದಿಂದ ಚುಚ್ಚಿದರೆ ತೂತು ದುಂಡಗೆ ಉಳಿಯದೆ ಉದ್ದಕ್ಕೆ ಎಳೆದುಕೊಳ್ಳುತ್ತಿತ್ತು, ಒಂದೊಂದು ಜಾಗದಲ್ಲಿ ಒಂದೊಂದು ದಿಕ್ಕಿಗೆ. ಆ ಗೆರೆಗಳು ಇವತ್ತಿಗೂ ಶಸ್ತ್ರವೈದ್ಯರಿಗೆ ಬೇಕು. ಕೆನ್ನೆಯ ಮೇಲೆ ಬಿರುಕನ್ನು ಮನಸ್ಸಿಗೆ ಬಂದ ಕಡೆ ಎಳೆಯುವ ಮೊದಲು ಆ ನಕ್ಷೆಯನ್ನು ಒಮ್ಮೆ ನೋಡುವುದು ನಮಗೂ ಒಳ್ಳೆಯದು.

ಇನ್ನೊಂದು ಪಾಠಶಾಲೆ ಒಣಗಿದ ಕೆಸರು. ಕೆಸರು ಒಣಗುವಾಗ ಕುಗ್ಗಲು ನೋಡುತ್ತದೆ, ಕೆಳಗಿನ ನೆಲ ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಸೀಳುತ್ತದೆ. ಮೊದಲ ಬಿರುಕು ತನ್ನಿಷ್ಟಕ್ಕೆ ಓಡುತ್ತದೆ. ನಂತರ ಬಂದದ್ದು ಅದನ್ನು ಸೇರುವಾಗ ಹೆಚ್ಚುಕಡಿಮೆ ಲಂಬಕೋನದಲ್ಲಿ ಬಂದು ನಿಲ್ಲುತ್ತದೆ, ಯಾಕೆಂದರೆ ಹಳೆಯ ಬಿರುಕಿನ ಪಕ್ಕದಲ್ಲಿ ಅದಕ್ಕೆ ಅಡ್ಡವಾದ ಎಳೆತ ಆಗಲೇ ಸಡಿಲಗೊಂಡಿರುತ್ತದೆ. ಅದೇ ಕೆಸರು ಮತ್ತೆ ಮತ್ತೆ ನೆನೆದು ಒಣಗಿದರೆ ಆ ಕೋನಗಳು ನಿಧಾನವಾಗಿ 120 ಡಿಗ್ರಿಯ ಕಡೆಗೆ ಸರಿದು ಆರು ಮೂಲೆಯ ತುಂಡುಗಳು ಕಾಣತೊಡಗುತ್ತವೆ. ಪದರ ದಪ್ಪವಿದ್ದಷ್ಟೂ ಬಿರುಕುಗಳ ನಡುವಿನ ಅಂತರ ಹೆಚ್ಚು, ತೆಳುವಿದ್ದಷ್ಟೂ ಬಲೆ ಕಿರಿದು. ಇಷ್ಟು ಗೊತ್ತಾದ ಮೇಲೆ ಪೆನ್ಸಿಲಿನ ಕವಲುಗಳು ಯಾಕೆ ಸುಳ್ಳಾಗಿ ಕಾಣುತ್ತಿದ್ದವು ಎಂಬುದು ಹೊಳೆಯಿತು. ನಾವು ಕೈಯಾರೆ ಬರೆಯುವಾಗ ಎಲ್ಲವನ್ನೂ ಮರದ ಕೊಂಬೆಯ ಹಾಗೆ ಓರೆಯಾಗಿ ಕವಲೊಡೆಸುತ್ತೇವೆ. ಒಣಗಿ ಬಂದ ಬಿರುಕು ಹಾಗೆ ಕವಲೊಡೆಯುವುದು ಅಪರೂಪ.

ಇಷ್ಟಾದ ಮೇಲೆ ನನಗೆ ಬಿರುಕು ಬರೆಯುವ ಆಸೆಯೇ ಹೋಯಿತು. ಬಿರುಕು ತಾನಾಗಿ ಬರುವಂಥ ಪರಿಸ್ಥಿತಿ ಒದಗಿಸಿ ಕೈ ಕಟ್ಟಿ ಕೂರಬೇಕು, ಅಷ್ಟೇ.

ಲೇಟೆಕ್ಸ್ ಮತ್ತು ಟಿಶ್ಯೂ ಎಲ್ಲರೂ ಶುರುಮಾಡುವ ದಾರಿ. ಲೇಟೆಕ್ಸ್ ರಬ್ಬರ್ ಮರದ ಹಾಲು, ಕೆಡದಿರಲೆಂದು ಅಮೋನಿಯಾ ಸೇರಿಸಿರುತ್ತಾರೆ. ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಹಚ್ಚಿದಾಗ ಹಾಲುಬಿಳುಪು, ಒಣಗಿದಾಗ ಪಾರದರ್ಶಕ. ಟಿಶ್ಯೂವಿನ ಒಂದೇ ಪದರ ಬಿಡಿಸಿ, ಕತ್ತರಿ ಮುಟ್ಟಿಸದೆ ಕೈಯಲ್ಲೇ ಹರಿಯಬೇಕು, ಕತ್ತರಿಸಿದ ಅಂಚು ಜನ್ಮದಲ್ಲಿ ಚರ್ಮದೊಳಗೆ ಬೆರೆಯುವುದಿಲ್ಲ. ಪದರದ ಮೇಲೆ ಪದರ ಕಟ್ಟಿ, ಒಣಗಿಸಿ, ಚಿಮಟದಿಂದ ನಡುವೆ ಸೀಳಿ ಅಂಚು ಎತ್ತಿದರೆ ಸುಲಿದ ಚರ್ಮ ಸಿಗುತ್ತದೆ. ವಯಸ್ಸಾದ ಸುಕ್ಕಿಗೆ ಇದೇ ಲೇಟೆಕ್ಸನ್ನು ಬೇರೆ ರೀತಿ ಬಳಸುತ್ತಾರೆ. ಒಬ್ಬರು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಸ್ಪಾಂಜಿನಲ್ಲಿ ತಟ್ಟಿ ತಟ್ಟಿ ಹಚ್ಚಿ, ಹೇರ್ ಡ್ರೈಯರಿನ ತಣ್ಣನೆ ಗಾಳಿಗೆ ಒಣಗಿಸಿ, ಪೌಡರ್ ಹಾಕಿ, ಆಮೇಲೆ ಬಿಡಬೇಕು. ಬಿಟ್ಟೊಡನೆ ನೆರಿಗೆ ಬೀಳುತ್ತದೆ, ಅದೂ ಆ ಮುಖಕ್ಕೆ ಮುಂದೊಂದು ದಿನ ಬೀಳಬೇಕಾದ ಜಾಗದಲ್ಲೇ. ಕನ್ನಡಿಯಲ್ಲಿ ಅದನ್ನು ನೋಡುವುದು ಎಲ್ಲರಿಗೂ ಹಿಡಿಸುವುದಿಲ್ಲ.

ಲೇಟೆಕ್ಸ್ ಸುಲಿಯುತ್ತದೆ, ಸುಕ್ಕಾಗುತ್ತದೆ. ಒಡೆಯುವುದು ಮಾತ್ರ ಅದರ ಸ್ವಭಾವದಲ್ಲಿಲ್ಲ, ಅದು ರಬ್ಬರು. ಒಡೆಯಲು ಮಣ್ಣೇ ಬೇಕು.

ಮುಖಕ್ಕೆ ಹಚ್ಚುವ ಜೇಡಿಮಣ್ಣಿನ ಮಾಸ್ಕುಗಳಲ್ಲೇ ಎರಡು ಸ್ವಭಾವದವಿವೆ. ಕೇಯೊಲಿನ್ ಸಾಧು, ನೀರು ಹೀರಿ ಹೆಚ್ಚು ಉಬ್ಬುವುದಿಲ್ಲ, ಹಾಗಾಗಿ ಒಣಗುವಾಗ ಹೆಚ್ಚು ಕುಗ್ಗುವುದೂ ಇಲ್ಲ. ಅದರ ಬಿರುಕು ಕೂದಲೆಳೆಯಷ್ಟು. ಬೆಂಟೊನೈಟ್ ನೀರು ಕುಡಿದು ಉಬ್ಬುವ ಮಣ್ಣು. ಒಣಗುವಾಗ ಅಷ್ಟನ್ನೂ ಬಿಟ್ಟುಕೊಟ್ಟು ಅಗಲವಾಗಿ ಬಾಯಿ ಬಿಡುತ್ತದೆ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿದರೆ ಬಿರುಕಿನ ಅಗಲ ಹೆಚ್ಚುಕಡಿಮೆ ನಮ್ಮ ಹತೋಟಿಗೆ ಬರುತ್ತದೆ.

ಗೆಳತಿಯೊಬ್ಬಳು ತನ್ನ ಎಡಗೈಯನ್ನು ಟೇಬಲ್ ಮೇಲೆ ಚಾಚಿ ಕೂತಳು. ಮೊದಲು ಮುಂಗೈ ಮೇಲೆಲ್ಲ ತೆಳುವಾಗಿ ಲೇಟೆಕ್ಸ್. ಮಣ್ಣು ಚರ್ಮದ ತೇವವನ್ನು ನೇರವಾಗಿ ಹೀರದಿರಲಿ ಎಂದು ಒಂದು ಕಾರಣ, ಮಣ್ಣಿಗೆ ಹಿಡಿದುಕೊಳ್ಳಲು ಒಂದು ನೆಲ ಬೇಕೆಂಬುದು ಇನ್ನೊಂದು. ಅದು ಒಣಗಿದ ಮೇಲೆ ಬಣ್ಣ, ಮಣ್ಣಿನ ಮೇಲಲ್ಲ, ಮಣ್ಣಿನ ಕೆಳಗೆ. ಮಾಸಲು ಕೆಂಪು, ಅಲ್ಲಲ್ಲಿ ಕಂದು, ಗೆಣ್ಣುಗಳ ಬಳಿ ತುಸು ಹಳದಿ. ಬಿರುಕು ಬಿಟ್ಟಾಗ ಒಳಗಿಂದ ಕಾಣಬೇಕಾದ ಬಣ್ಣ ಇದು, ಆಮೇಲೆ ಸಂದಿಯೊಳಗೆ ಬ್ರಷ್ ತೂರಿಸಿ ಹಚ್ಚುತ್ತೇನೆಂದರೆ ಆಗುವ ಕೆಲಸವಲ್ಲ. ಅದರ ಮೇಲೆ ಮಣ್ಣು, ಮಣಿಕಟ್ಟಿನ ಕಡೆ ದಪ್ಪ, ಬೆರಳುಗಳ ಕಡೆ ಬರುತ್ತ ತೆಳು.

ಡ್ರೈಯರಿನ ಸಣ್ಣ ಗಾಳಿಗೆ ಕೈ ಹಿಡಿದು ಅವಳು ಅಲುಗಾಡದೆ ಕೂತಿದ್ದಳು. ತೇವದ ಹೊಳಪು ಅಂಚಿನಿಂದ ಒಳಕ್ಕೆ ಹಿಂಜರಿಯಿತು, ಮಣ್ಣಿನ ಬಣ್ಣ ತಿಳಿಯಾಯಿತು. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಣಿಕಟ್ಟಿನ ಬಳಿ ಒಂದು ಗೆರೆ, ಬರುವುದು ಕಾಣಲಿಲ್ಲ, ಬಂದದ್ದು ಕಂಡಿತು. ಅದಕ್ಕೆ ಅಡ್ಡವಾಗಿ ಇನ್ನೊಂದು ಬಂದು ನಿಂತಿತು. "ಈಗ ಮೆಲ್ಲಗೆ ಮುಷ್ಟಿ ಹಿಡಿಯೇ" ಎಂದೆ. ಹಿಡಿದಳು. ನಾಲ್ಕೂ ಗೆಣ್ಣುಗಳ ಮೇಲೆ ಅಡ್ಡ ಸೀಳು ಒಟ್ಟಿಗೇ ತೆರೆದುಕೊಂಡಿತು, ಒಳಗಿಂದ ಆ ಮಾಸಲು ಕೆಂಪು ಇಣುಕಿತು. ಮಣಿಕಟ್ಟಿನ ಕಡೆಯ ದಪ್ಪ ತುಂಡುಗಳ ಅಂಚು ಮೇಲಕ್ಕೆ ಸುರುಟಿಕೊಂಡವು. ಮೇಲ್ಮೈ ಕೆಳಗಿನದಕ್ಕಿಂತ ಬೇಗ ಒಣಗಿ ಬೇಗ ಕುಗ್ಗುವುದರಿಂದ ಹಾಗಾಗುತ್ತದೆ, ಆದರೆ ಕಾರಣ ಗೊತ್ತಿದ್ದೂ ನಾನು ಬೆಚ್ಚಿದೆ. ಅವಳು ಕೈಯನ್ನು ತಿರುಗಿಸಿ ನೋಡಿ, "ಇದು ಯಾರ ಕೈಯೇ?" ಎಂದಳು. ಸ್ವಲ್ಪ ತಡೆದು, "ಏನಾಗಿದೆ ಇವರಿಗೆ?" ಎಂದಳು.

ಆ ಎರಡನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಬಿರುಕು ಹೇಗೆ ಬರುತ್ತದೆಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿದ್ದೆ, ಯಾರಿಗೆ ಬಂತು ಎಂಬುದನ್ನು ಯೋಚಿಸಿರಲಿಲ್ಲ. ಈಗ ಕೆಲಸ ಶುರುವಾಗುವುದೇ ಆ ಪ್ರಶ್ನೆಯಿಂದ. ನೀರಿಲ್ಲದೆ ದಿನಗಟ್ಟಲೆ ನಡೆದವರಾದರೆ ತುಟಿ ಮೊದಲು, ಮೂಗಿನ ತುದಿ, ಕೆನ್ನೆಯ ಎಲುಬಿನ ಮೇಲ್ಭಾಗ ಆಮೇಲೆ. ಗಲ್ಲದ ಕೆಳಗಿನ ನೆರಳಿನ ಚರ್ಮ ಹೆಚ್ಚುಕಡಿಮೆ ಚೆನ್ನಾಗಿಯೇ ಇರಬೇಕು. ಸುಣ್ಣ, ಸಿಮೆಂಟಿನಲ್ಲಿ ಕೆಲಸ ಮಾಡುವ ಕೈಯಾದರೆ ಬೆರಳ ತುದಿಗಳು ಹಾಳಾಗಿರಬೇಕು, ಮಣಿಕಟ್ಟಿನಿಂದ ಮೇಲೆ ಏನೂ ಆಗಿರಬಾರದು. ಬೆಂಕಿಯ ಪಕ್ಕ ನಿಂತವರಾದರೆ ಒಂದೇ ಮಗ್ಗುಲು. ಹಾಳಾಗದೆ ಉಳಿದ ಚರ್ಮವೇ ಹಾಳಾದದ್ದನ್ನು ನಂಬಿಸುತ್ತದೆ. ಮುಖ ತುಂಬ ಒಂದೇ ಸಮನೆ ಬಿರುಕು ಹರಡಿದರೆ ಅದು ಯಾರಿಗೂ ಏನೂ ಆಗಿರದ ಮುಖ.

ಬಣ್ಣದಲ್ಲೂ ಇದೇ ಪ್ರಶ್ನೆ. ಹಸಿ ರಕ್ತ ಕೆಂಪು, ಗಾಳಿಗೆ ಒಣಗಿದ ರಕ್ತ ಕಂದು. ಹೊಸ ಸೀಳಿಗೂ ನಿನ್ನೆಯ ಸೀಳಿಗೂ ಒಂದೇ ಬಾಟಲಿಯ ರಕ್ತ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಣ ಒಡಕಿನಲ್ಲಿ ಎಷ್ಟೋ ಸಲ ರಕ್ತವೇ ಇರುವುದಿಲ್ಲ, ಒಳಗೆ ಬರೀ ಗುಲಾಬಿ. ಅಂಚಿನ ಬಿಳುಪು ಬಣ್ಣವೇ ಅಲ್ಲ. ಸಡಿಲಗೊಂಡ ಪದರಗಳ ನಡುವೆ ಗಾಳಿ ಸೇರಿ ಬೆಳಕು ಚದುರುವುದರಿಂದ ಹಾಗೆ ಕಾಣುತ್ತದೆ. ಬೇಕಾದರೆ ಒಣಗಿ ಬೆಳ್ಳಗಾದ ಮೊಣಕೈ ಮೇಲೆ ಒಂದು ಹನಿ ಎಣ್ಣೆ ಇಟ್ಟು ನೋಡಿ, ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿ ಬಿಳುಪು ಮಾಯ. ಆದ್ದರಿಂದ ಅಂಚಿಗೆ ಬಿಳಿ ಬಣ್ಣ ಬಳಿಯುವುದಕ್ಕಿಂತ ಒಣ ಪೌಡರನ್ನು ಬೆರಳ ತುದಿಯಲ್ಲಿ ಹಗುರಾಗಿ ಸವರುವುದು ಮೇಲು.

ಈ ಮಣ್ಣಿನ ದಾರಿಯ ದೊಡ್ಡ ತೊಂದರೆ ಉದುರುವುದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗೆಳತಿಯ ಮಡಿಲ ತುಂಬ ಚಕ್ಕೆ. ಮಣ್ಣಿಗೇ ಸ್ವಲ್ಪ ಅಂಟು ಬೆರೆಸಬಹುದು, ಮೇಕಪ್ಪಿಗೆಂದೇ ಮಾಡಿದ ಪ್ರೋಸ್-ಏಯ್ಡ್‌ನಂಥ ಅಕ್ರಿಲಿಕ್ ಅಂಟು. ಆದರೆ ಅಂಟು ಹೆಚ್ಚಾದಂತೆ ಬಿರುಕು ಬರಲೊಲ್ಲದು, ಕಡಿಮೆಯಾದರೆ ಚಕ್ಕೆ ನಿಲ್ಲಲೊಲ್ಲದು. ಎರಡರ ನಡುವಿನ ಜಾಗ ತೀರಾ ಕಿರಿದು, ಅದೂ ಆ ದಿನದ ಹವೆಯ ತೇವದ ಜೊತೆ ಆಚೀಚೆ ಸರಿಯುತ್ತದೆ.

ಮಣ್ಣು, ಬಟ್ಟೆ, ಅಂಟು ಇವು ಈ ಕಲೆಯಷ್ಟೇ ಹಳೆಯವು. 1932ರ 'ದಿ ಮಮ್ಮಿ' ಚಿತ್ರಕ್ಕಾಗಿ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ನಟ ಬೋರಿಸ್ ಕಾರ್ಲಾಫ್‌ನ ಮುಖವನ್ನು ಹತ್ತಿ, ಕೊಲೋಡಿಯನ್ ಎಂಬ ಅಂಟು ದ್ರವ, ಮೇಕಪ್ ಅಂಟಾದ ಸ್ಪಿರಿಟ್ ಗಮ್‌ಗಳಲ್ಲಿ ಕಟ್ಟಿದ, ಕೂದಲಿಗೆ ಮಣ್ಣು ಮೆತ್ತಿದ. ಸುಮಾರು ಎಂಟು ಗಂಟೆಯ ಕೆಲಸ. ಪರದೆಯ ಮೇಲೆ ಬಟ್ಟೆಯ ಪಟ್ಟಿ ಸುತ್ತಿದ ಆ ಮಮ್ಮಿಯ ರೂಪ ಕಾಣುವುದು ಕೆಲವೇ ನಿಮಿಷ. ಕಪ್ಪುಬಿಳುಪು ಚಿತ್ರವಾದ್ದರಿಂದ ಎಲ್ಲ ಭಾರ ಬಿದ್ದದ್ದು ಮೇಲ್ಮೈಯ ಏರಿಳಿತದ ಮೇಲೆ, ಬಣ್ಣ ಕೈಹಿಡಿಯುವ ಹಾಗಿರಲಿಲ್ಲ. ಅದಕ್ಕೇ ಇರಬೇಕು, ಆ ಸ್ಥಿರಚಿತ್ರಗಳನ್ನು ಇವತ್ತು ನೋಡಿದರೂ ಚರ್ಮ ಒಣಗಿದ್ದೆಂದು ಬೆರಳ ತುದಿಗೆ ಗೊತ್ತಾಗುತ್ತದೆ. ಕೊಲೋಡಿಯನ್ ಒಣಗುತ್ತ ಕುಗ್ಗಿ ಚರ್ಮವನ್ನು ಒಳಕ್ಕೆ ಎಳೆದು ಹಳೆಯ ಗಾಯದ ಗುಳಿ ಮಾಡುತ್ತದೆ, ಇಂದಿಗೂ ಬಳಕೆಯಲ್ಲಿದೆ. ಬೆಂಕಿ ಬೇಗ ಹತ್ತುವ ವಸ್ತು ಅದು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಚ್ಚಿದರೆ ಚರ್ಮಕ್ಕೆ ನಿಜವಾಗಿಯೇ ಹಾನಿ. ನಾನು ಅದನ್ನು ಮುಖಕ್ಕೆ ತರುವುದಿಲ್ಲ.

ಎಚ್ಚರಿಕೆಯ ಮಾತು ಬಂತಲ್ಲ, ಇಲ್ಲೇ ಮುಗಿಸಿಬಿಡುತ್ತೇನೆ. ಲೇಟೆಕ್ಸ್ ಕೆಲವರಿಗೆ ಒಗ್ಗುವುದಿಲ್ಲ, ಅಲರ್ಜಿ ಉಸಿರಾಟದ ತೊಂದರೆಯವರೆಗೂ ಹೋಗಬಹುದು. ಹಿಂದಿನ ದಿನವೇ ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ ನೋಡಬೇಕು, ಲೇಟೆಕ್ಸ್ ಅಲರ್ಜಿ ಇದೆಯೆಂದು ಗೊತ್ತಿರುವವರ ಹತ್ತಿರಕ್ಕೂ ತರಬಾರದು. ಹುಬ್ಬಿಗೆ ವ್ಯಾಸಲಿನ್ ಮೆತ್ತದೆ ಲೇಟೆಕ್ಸ್ ಹಚ್ಚಿದರೆ ಹುಬ್ಬು ಲೇಟೆಕ್ಸಿನ ಜೊತೆಗೇ ಬರುತ್ತದೆ. ಕರಕುಶಲದ ಬಣ್ಣ, ಫೆವಿಕ್ವಿಕ್‌ನಂಥ ಅಂಟು ಚರ್ಮಕ್ಕಲ್ಲ. ನಿಜವಾಗಿಯೇ ಒಡೆದ ಚರ್ಮದ ಮೇಲೆ ಇದ್ಯಾವುದೂ ಬೇಡ.

ಸಿನಿಮಾಕ್ಕಿಂತ ಮೊದಲೇ ಚರ್ಮವನ್ನು ಇಷ್ಟು ಹತ್ತಿರದಿಂದ ನಕಲು ಮಾಡಿದವರು ಆಸ್ಪತ್ರೆಗಳಲ್ಲಿದ್ದರು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ 1860ರ ದಶಕದಲ್ಲಿ ಕೆಲಸ ಶುರುಮಾಡಿದ ಜೂಲ್ ಬಾರೆತ್ತಾ ಅದಕ್ಕೆ ಮೊದಲು ಕಾಗದದ ರಾಡಿಯಿಂದ ಹಣ್ಣುಗಳ ಮಾದರಿ ಮಾಡುತ್ತಿದ್ದವನು. ವೈದ್ಯರು ಅವನನ್ನು ಕರೆದು ತಂದು ರೋಗಿಗಳ ಮೈಯಿಂದಲೇ ಅಚ್ಚು ತೆಗೆಸಿ, ಮೇಣದಲ್ಲಿ ಚರ್ಮರೋಗಗಳ ಪ್ರತಿರೂಪ ಮಾಡಿಸಿದರು. ಅಲ್ಲಿನ ಸಂಗ್ರಹದಲ್ಲಿ 4,000ಕ್ಕೂ ಹೆಚ್ಚು ಮೇಣದ ಮಾದರಿಗಳಿವೆ, ಬಣ್ಣದ ಛಾಯಾಚಿತ್ರ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ವಿದ್ಯಾರ್ಥಿಗಳು ರೋಗ ಗುರುತಿಸಲು ಕಲಿತದ್ದು ಅವುಗಳಿಂದ. ಅಲ್ಲಿಯ ಪ್ರತಿ ಒಡಕಿಗೂ ಕಾರಣದ ಚೀಟಿ ಇದೆ.

ನಮ್ಮ ಕಡೆಯ ಒಡಕುಗಳಿಗೆ ಅದಿಲ್ಲ. ಒಡೆದ, ಚಕ್ಕೆಯೆದ್ದ, ಕಲೆಗಟ್ಟಿದ ಮುಖ ಪರದೆಗೆ ಬಂದರೆ ಇವನು ಕೆಟ್ಟವನು ಎಂದು ನೋಡುವವರು ಓದಿಕೊಳ್ಳುತ್ತಾರೆ, ನಾವೂ ಅದನ್ನೇ ಓದಲೆಂದು ಮಾಡಿರುತ್ತೇವೆ. 2017ರಲ್ಲಿ ಚರ್ಮವೈದ್ಯರು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪಟ್ಟಿಯ ಮೊದಲ 10 ಖಳಪಾತ್ರಗಳನ್ನು ಪರೀಕ್ಷಿಸಿದಾಗ 6 ಪಾತ್ರಗಳಲ್ಲಿ ಚರ್ಮಕ್ಕೆ ಸಂಬಂಧಿಸಿದ ಲಕ್ಷಣಗಳಿದ್ದವು. ಮರುವರ್ಷ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಖದ ಗಾಯದ ಕಲೆಯನ್ನು ಕೆಟ್ಟತನದ ಗುರುತಾಗಿ ಬಳಸುವ ಚಿತ್ರಗಳಿಗೆ ಹಣ ಕೊಡುವುದಿಲ್ಲ ಎಂದಿತು. ಇಕ್ತಿಯೋಸಿಸ್ ಎಂಬ ಕಾಯಿಲೆಗಳ ಗುಂಪಿದೆ, ಹೆಚ್ಚಿನವು ಹುಟ್ಟಿನಿಂದಲೇ ಬರುವಂಥವು. ಮೈಯೆಲ್ಲ ಒಣಗಿ ಹುರುಪೆಗಟ್ಟುತ್ತದೆ, ತೀವ್ರವಾದಾಗ ಒಡೆಯುತ್ತದೆ. ನಾವು ಮಧ್ಯಾಹ್ನವಿಡೀ ಕೂತು ಹಚ್ಚಿ ಸಂಜೆ ಎಣ್ಣೆ, ಬಿಸಿನೀರಿನಲ್ಲಿ ತೊಳೆದುಕೊಳ್ಳುವ ಚರ್ಮದಲ್ಲೇ ಈ ಕಾಯಿಲೆಯವರು ಶಾಲೆಗೆ ಹೋಗುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಇದಕ್ಕಾಗಿ ಈ ಕಲೆಯನ್ನೇ ಬಿಡಬೇಕೆಂದು ನನಗನಿಸುವುದಿಲ್ಲ. ಕೆಟ್ಟವನ ಮುಖ ಮಾಡಿಕೊಡು ಎಂದು ಯಾರಾದರೂ ಕೇಳಿದಾಗ ಮಾತ್ರ, ಅವನಿಗೆ ಏನಾಗಿತ್ತು ಎಂದು ತಿರುಗಿ ಕೇಳುತ್ತೇನೆ. "ಏನೂ ಇಲ್ಲ, ಸುಮ್ಮನೆ ಭಯಂಕರ ಕಾಣಲಿ" ಎಂಬ ಉತ್ತರ ಬಂದರೆ ಮಾಡುವುದಿಲ್ಲ. ನೀತಿಯ ಮಾತು ಹಾಗಿರಲಿ, ಅಂಥ ಮುಖ ಚೆನ್ನಾಗಿಯೂ ಬರುವುದಿಲ್ಲ. ಬಿರುಕು ಎಲ್ಲಿಂದ ಶುರುವಾಗಬೇಕೆಂದೇ ತಿಳಿಯುವುದಿಲ್ಲ.

ಸದ್ಯಕ್ಕೆ ನಾನು ಸಿಕ್ಕಿಹಾಕಿಕೊಂಡಿರುವುದು ಬಾಯಿಯ ಮೂಲೆಯಲ್ಲಿ. ಮುಖದಲ್ಲಿ ಅತಿ ಹೆಚ್ಚು ಅಲುಗಾಡುವ ಜಾಗ, ಜೊತೆಗೆ ಸದಾ ತೇವ. ಮಣ್ಣು ನಿಲ್ಲುವುದಿಲ್ಲ, ಲೇಟೆಕ್ಸಿನ ಅಂಚು ಎರಡು ವಾಕ್ಯ ಮಾತಾಡುವಷ್ಟರಲ್ಲಿ ಎದ್ದುಬಿಡುತ್ತದೆ. ಅಚ್ಚಿನಲ್ಲಿ ಅಂಟನ್ನು ತೆಳುವಾಗಿ ಎರೆದು ಒಣಗಿಸಿದ ಸಣ್ಣ ತುಣುಕುಗಳನ್ನು ಕೂರಿಸಿ ನೋಡುತ್ತಿದ್ದೇನೆ. ಮಾತಿಗೆ ತಡೆಯುತ್ತವೆ, ಆಕಳಿಕೆಗೆ ಇನ್ನೂ ತಡೆಯುತ್ತಿಲ್ಲ.